ಪರ್ಸ್‌ಗೊಂದು ಮಿತಿ, ಮಿತಿಗೊಂದು ಕಿಂಡಿ

ಕೊರಟಗೆರೆ ತಾಲ್ಲೂಕಿನ ಕೊಳಾಲ ಹೋಬಳಿಯಂಥ ಸೀಮೆಯಲ್ಲೂ ಈಗ ಕ್ರಿಕೆಟ್ಟು ಎರಡು ಕಡೆ ನಡೆಯುತ್ತದೆ. ಒಂದು ಬಯಲಿನಲ್ಲಿ, ಟೆನಿಸ್ ಬಾಲಿನಲ್ಲಿ. ಇನ್ನೊಂದು ಮೊಬೈಲಿನಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಎರಡಕ್ಕೂ ಹರಾಜೇ ಮುನ್ನುಡಿ. ಊರ ಟೂರ್ನಿಯಲ್ಲಿ ಓನರ್‌ಗಳಿಗೆಲ್ಲ ಸಮನಾಗಿ ಪಾಯಿಂಟ್ಸ್ ಹಂಚುತ್ತಾರೆ. ಗುಂಪಿನಲ್ಲಿ ತಲೆಗಿಷ್ಟು ಕೋಟಿ ಎಂದು ಬಾಯಿಮಾತಿನಲ್ಲೇ ಹಂಚುತ್ತಾರೆ. ಐಪಿಎಲ್ ಶುರುವಾದ ಮೇಲೆ ಕೊಂಡ ಆಟಗಾರರ ರನ್ನು, ವಿಕೆಟ್ಟುಗಳೇ ಗುಂಪಿನ ಅಂಕಪಟ್ಟಿ.

ಜಗಳ ಬರುವುದು ಸಾಮಾನ್ಯವಾಗಿ ಹರಾಜಿನ ದಿನ ಅಲ್ಲ, ಎರಡು ವಾರ ಕಳೆದ ಮೇಲೆ. ‘ನಿನ್ನ ಬೌಲರ್ ಕೊಡು, ನನ್ನ ಓಪನರ್ ತಗೋ’ ಎಂದು ಒಬ್ಬ ಕೇಳುತ್ತಾನೆ. ಬೌಲರ್ ಹನ್ನೆರಡು ಕೋಟಿಯವನು, ಓಪನರ್ ಎರಡು ಕೋಟಿಯವನು. ನಡುವಿನ ಹತ್ತು ಕೋಟಿ ಯಾರ ಲೆಕ್ಕಕ್ಕೆ? ಪರ್ಸ್ ಖಾಲಿ ಮಾಡಿಕೊಂಡವನು ದುಬಾರಿ ಆಟಗಾರನನ್ನು ತರಬಹುದೇ? ನಿಜದ ಲೀಗುಗಳು ಇದೇ ಪ್ರಶ್ನೆಗೆ ಉತ್ತರ ಹುಡುಕುತ್ತ ನಲವತ್ತು ವರ್ಷ ಕಳೆದಿವೆ.

ಇಂಥ ಹರಾಜಿನಾಟದ ಬೇರು ಅಮೆರಿಕದಲ್ಲಿದೆ. 1980ರಲ್ಲಿ ಪತ್ರಕರ್ತ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ನ್ಯೂಯಾರ್ಕಿನಲ್ಲಿ ಬೇಸ್‌ಬಾಲ್ ಆಟಗಾರರನ್ನು ಕಾಗದದ ಮೇಲೆ ಹರಾಜು ಹಾಕಿಕೊಳ್ಳುವ ಆಟ ಕಟ್ಟಿದರು. ಒಬ್ಬೊಬ್ಬ ಮಾಲೀಕನಿಗೆ 260 ಡಾಲರ್ ಮಿತಿ ಎಂಬುದು ಆ ಆಟದ ಕಟ್ಟಳೆಯಾಯಿತು. ಸೋಜಿಗವೆಂದರೆ, ನಿಜವಾದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಆಗ ವೇತನ ಮಿತಿ ಇರಲಿಲ್ಲ. ಈಗಲೂ ಕಟ್ಟುನಿಟ್ಟಿನ ಮಿತಿಯಿಲ್ಲ. ಗೆರೆ ದಾಟಿ ಖರ್ಚು ಮಾಡಿದ ತಂಡ ತೆರಿಗೆ ಕಟ್ಟುತ್ತದೆ, ಅಷ್ಟೆ. ಹಾಗಿದ್ದರೂ ಕಾಗದದ ಲೀಗಿಗೆ, ಆಮೇಲೆ ಬಂದ ಕಂಪ್ಯೂಟರ್ ಲೀಗುಗಳಿಗೆ ಮಿತಿ ಬೇಕೇ ಬೇಕಾಯಿತು. ನಿಜದ ಮಾಲೀಕನಿಗೆ ಸೋತರೆ ಗಂಟು ಕರಗುವ ಭಯವಿದೆ. ಆಟದ ಮಾಲೀಕನಿಗೆ ಅದಿಲ್ಲ. ಸುಳ್ಳು ದುಡ್ಡಿಗೆ ಬೆಲೆ ಬರುವುದು ಅದಕ್ಕೊಂದು ಮಿತಿ ಬಿದ್ದಾಗ ಮಾತ್ರ.

ಆಟಗಾರರ ವಿನಿಮಯಕ್ಕೂ ಮಿತಿಗೂ ಗಂಟು ಹಾಕಿದ್ದು ಅಮೆರಿಕದ ಬ್ಯಾಸ್ಕೆಟ್‌ಬಾಲ್. ಎನ್‌ಬಿಎ 1984–85ರಲ್ಲಿ ತಂಡಕ್ಕೆ 36 ಲಕ್ಷ ಡಾಲರ್ ವೇತನ ಮಿತಿ ತಂದಿತು. ಮಿತಿ ಮೀರಿದ ತಂಡ ವಿನಿಮಯಕ್ಕೆ ಕೂತರೆ, ಹೋಗುವ ಸಂಬಳಕ್ಕೂ ಬರುವ ಸಂಬಳಕ್ಕೂ ಹೆಚ್ಚುಕಡಿಮೆ ತಾಳೆಯಾಗಬೇಕು ಎಂಬ ಸೂತ್ರ ಅಲ್ಲಿ ಬೆಳೆಯಿತು. ಜಾಲತಾಣದ ಕೆಲವು ಬೇಸ್‌ಬಾಲ್ ಲೀಗುಗಳಲ್ಲಿ ಇಂದು ಕಾಣುವ ಟ್ರೇಡ್ ನಿಯಮಗಳಲ್ಲೂ ಇದೇ ವಿಚಾರವಿದೆ: ವಿನಿಮಯ ಮುಗಿದ ಗಳಿಗೆಯಲ್ಲಿ ಎರಡೂ ತಂಡಗಳ ಲೆಕ್ಕ ಸರಿಯಿರಬೇಕು.

ಐಪಿಎಲ್ ಮಿತಿಯೊಂದಿಗೇ ಹುಟ್ಟಿತು. 2008ರ ಫೆಬ್ರುವರಿ 20ರಂದು ಮುಂಬೈಯಲ್ಲಿ ನಡೆದ ಮೊದಲ ಹರಾಜಿನಲ್ಲಿ ತಂಡವೊಂದು 50 ಲಕ್ಷ ಡಾಲರ್‌ಗಿಂತ ಹೆಚ್ಚು ಖರ್ಚು ಮಾಡುವಂತಿರಲಿಲ್ಲ. ಬೆಂಗಳೂರಿಗೆ ರಾಹುಲ್ ದ್ರಾವಿಡ್, ಮುಂಬೈಗೆ ಸಚಿನ್ ತೆಂಡೂಲ್ಕರ್ ಹರಾಜಿಗೆ ಬಾರದ ‘ಐಕಾನ್’ ಆಟಗಾರರು. ತಂಡದ ಅತಿ ದುಬಾರಿ ಆಟಗಾರನಿಗಿಂತ ಶೇ 15ರಷ್ಟು ಹೆಚ್ಚು ಅವರ ಸಂಭಾವನೆ. ಐಕಾನ್ ಇಲ್ಲದ ಚೆನ್ನೈಗೆ ಆ ಹೊರೆಯಿರಲಿಲ್ಲ. ಅದು 15 ಲಕ್ಷ ಡಾಲರ್ ಸುರಿದು ಧೋನಿಯನ್ನು ಕೊಂಡಿತು. ಮಿತಿಯೊಳಗೇ ಜಾಣತನಕ್ಕೆ ಜಾಗವಿದೆ ಎಂಬುದು ಮೊದಲ ದಿನವೇ ಗೊತ್ತಾಯಿತು.

ಮರುವರ್ಷ ವಿನಿಮಯ ಶುರುವಾಯಿತು. ಜಹೀರ್ ಖಾನ್ ಬೆಂಗಳೂರಿನಿಂದ ಮುಂಬೈಗೆ ಹೋದರು, ನಮ್ಮ ರಾಬಿನ್ ಉತ್ತಪ್ಪ ಮುಂಬೈನಿಂದ ಬೆಂಗಳೂರಿಗೆ ಬಂದರು. ಆಟಗಾರ ತಾನೇ ನೇರವಾಗಿ ಬೇರೆ ತಂಡದ ಜೊತೆ ಮಾತಾಡಿಕೊಂಡರೆ? ರಾಜಸ್ಥಾನದೊಂದಿಗಿನ ಒಪ್ಪಂದ ನವೀಕರಿಸದೆ ಹಾಗೆ ಮಾಡಲು ಹೋದ ರವೀಂದ್ರ ಜಡೇಜ 2010ರ ಇಡೀ ಟೂರ್ನಿಗೆ ನಿಷೇಧಕ್ಕೊಳಗಾದರು. ಮಾತುಕತೆ ನಡೆಸಬೇಕಾದ್ದು ಫ್ರಾಂಚೈಸಿಗಳು ಎಂಬ ಗೆರೆ ಹೀಗೆ ಗಟ್ಟಿಯಾಯಿತು.

ಅದೇ 2010ರಲ್ಲಿ ಹರಾಜಿನ ಮಿತಿಗೂ ಕಿಂಡಿ ಕೊರೆಯಲಾಯಿತು. ಕೀರನ್ ಪೊಲಾರ್ಡ್ ಅವರಿಗಾಗಿ ಹಲವು ತಂಡಗಳು ಗರಿಷ್ಠ ಮೊತ್ತವಾದ 7.5 ಲಕ್ಷ ಡಾಲರ್ ಮುಟ್ಟಿ ನಿಂತವು. ಆಗ ಮುಚ್ಚಿದ ಲಕೋಟೆಯಲ್ಲಿ ಗುಟ್ಟಿನ ಬಿಡ್. ಗೆದ್ದದ್ದು ಮುಂಬೈ. ಮಿತಿಗಿಂತ ಹೆಚ್ಚಿನ ಹಣ ಆಟಗಾರನಿಗಲ್ಲ, ಕ್ರಿಕೆಟ್ ಮಂಡಳಿಗೆ. 2012ರಲ್ಲಿ ಜಡೇಜ ಸರದಿ ಬಂದಾಗಲೂ ಹೀಗೇ ಆಯಿತು. ಚೆನ್ನೈ ಮತ್ತು ಡೆಕ್ಕನ್ ಚಾರ್ಜರ್ಸ್ ಎರಡೂ 20 ಲಕ್ಷ ಡಾಲರ್‌ಗೆ ಬಂದು ನಿಂತವು, ಗುಟ್ಟಿನ ಬಿಡ್‌ನಲ್ಲಿ ಚೆನ್ನೈ ಗೆದ್ದಿತು. ಪುಸ್ತಕದಲ್ಲಿ ಎಲ್ಲರ ಪರ್ಸ್ ಸಮ. ಪುಸ್ತಕದಾಚೆ ಯಾರ ಕಿಸೆ ಆಳವೋ ಅವರ ಕೈ ಮೇಲು.

ಪರ್ಸ್ ಬೆಳೆಯುತ್ತ ಹೋಯಿತು. 2014ಕ್ಕೆ 60 ಕೋಟಿ, 2018ಕ್ಕೆ 80, 2022ಕ್ಕೆ 90, 2024ಕ್ಕೆ 100, 2025ಕ್ಕೆ 120 ಕೋಟಿ ರೂಪಾಯಿ. ಇದೇ ಅಚ್ಚಿನಲ್ಲಿ ಕರ್ನಾಟಕದ ಮಹಾರಾಜ ಟ್ರೋಫಿಯೂ 2023ರಲ್ಲಿ ತಂಡಕ್ಕೆ 50 ಲಕ್ಷ ಕೊಟ್ಟು ಹರಾಜು ನಡೆಸಿತು. ಶಿವಮೊಗ್ಗ ಅದರಲ್ಲಿ 15 ಲಕ್ಷವನ್ನು ಅಭಿನವ್ ಮನೋಹರ್ ಒಬ್ಬರ ಮೇಲೇ ಹಾಕಿತು. ಫ್ಯಾಂಟಸಿ ಆ್ಯಪ್‌ಗಳು 100 ಕ್ರೆಡಿಟ್‌ನೊಳಗೆ ಹನ್ನೊಂದು ಮಂದಿಯನ್ನು ಹೊಂದಿಸುವ ಆಟ ತಂದವು. ದುಡ್ಡು ಕಟ್ಟಿ ಆಡುವುದನ್ನು ಕರ್ನಾಟಕ 2021ರಲ್ಲಿ ನಿಷೇಧಿಸಿತು, ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಆ ನಿಯಮಗಳನ್ನು ರದ್ದು ಮಾಡಿತು, 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆಯೇ ಬಂದು ದುಡ್ಡಿನಾಟಕ್ಕೆ ತೆರೆ ಎಳೆಯಿತು. ದುಡ್ಡಿಲ್ಲದ ಗುಂಪಿನ ಆಟ ಉಳಿದುಕೊಂಡಿತು.

ಮಿತಿಯೊಳಗಿನ ಟ್ರೇಡ್ ಹೇಗೆ ನಡೆಯುತ್ತದೆಂದು ತಿಳಿಯಲು 2023ರ ನವೆಂಬರ್ ನೋಡಬೇಕು. ಮುಂಬೈಗೆ ಗುಜರಾತಿನಿಂದ ಹಾರ್ದಿಕ್ ಪಾಂಡ್ಯ ಬೇಕು. ಅವರ ಬೆಲೆ 15 ಕೋಟಿ. ಮುಂಬೈ ಪರ್ಸ್‌ನಲ್ಲಿ ಅಷ್ಟು ಜಾಗವಿಲ್ಲ. ಇತ್ತ ಬೆಂಗಳೂರು ಹರ್ಷಲ್ ಪಟೇಲ್, ಹಸರಂಗ, ಹೇಜಲ್‌ವುಡ್ ಅವರನ್ನು ಕೈಬಿಟ್ಟು ಪರ್ಸ್‌ನಲ್ಲಿ ಸುಮಾರು 29 ಕೋಟಿಯ ಜಾಗ ಮಾಡಿಕೊಂಡಿತ್ತು. ಮುಂಬೈ 17.5 ಕೋಟಿಯ ಕ್ಯಾಮರೂನ್ ಗ್ರೀನ್ ಅವರನ್ನು ಬೆಂಗಳೂರಿಗೆ ಕೊಟ್ಟಿತು, ಆ ಜಾಗಕ್ಕೆ ಹಾರ್ದಿಕ್ ಬಂದರು. ಗುಜರಾತಿಗೆ ಬದಲಿ ಆಟಗಾರ ಬರಲಿಲ್ಲ, ಹಣ ಬಂತು. ಹಾರ್ದಿಕ್ ಸಂಬಳ ಪರ್ಸ್ ಲೆಕ್ಕಕ್ಕೆ ಸೇರಿತು. ಗುಜರಾತಿಗೆ ಸಂದ ವರ್ಗಾವಣೆ ಶುಲ್ಕ ಆ ಲೆಕ್ಕಕ್ಕೂ ಸೇರಲಿಲ್ಲ, ಬಹಿರಂಗವೂ ಆಗಲಿಲ್ಲ.

ಅದೇ ತಿಂಗಳು ನಮ್ಮ ದೇವದತ್ತ ಪಡಿಕ್ಕಲ್ ರಾಜಸ್ಥಾನದಿಂದ ಲಖನೌಗೆ ಹೋದರು, ಅಲ್ಲಿಂದ ಆವೇಶ್ ಖಾನ್ ಬಂದರು. ಪಡಿಕ್ಕಲ್ 7.75 ಕೋಟಿ, ಆವೇಶ್ 10 ಕೋಟಿ. ವ್ಯತ್ಯಾಸದ 2.25 ಕೋಟಿ ರಾಜಸ್ಥಾನದ ಪರ್ಸ್‌ನಿಂದ ಕಡಿತ. ವಾಟ್ಸ್‌ಆ್ಯಪ್ ಗುಂಪಿನ ಜಗಳಕ್ಕೆ ಉತ್ತರ ಇಲ್ಲೇ ಇದೆ: ಬೆಲೆ ಆಟಗಾರನ ಬೆನ್ನಿಗೇ ಹೋಗುತ್ತದೆ. ಆ ಬೆಲೆ ಶಾಶ್ವತವೇನಲ್ಲ. ಮುಂದಿನ ಮೆಗಾ ಹರಾಜಿನಲ್ಲಿ ಪಡಿಕ್ಕಲ್ 2 ಕೋಟಿಗೆ ಬೆಂಗಳೂರಿಗೆ ಮರಳಿದರು.

2025ರ ನವೆಂಬರ್‌ನಲ್ಲಿ ಜಡೇಜ ಮತ್ತೆ ಸುದ್ದಿ. ಸಂಜು ಸ್ಯಾಮ್ಸನ್ 18 ಕೋಟಿಗೆ ಚೆನ್ನೈಗೆ. ಜಡೇಜ ಮತ್ತು 2.4 ಕೋಟಿಯ ಸ್ಯಾಮ್ ಕರನ್ ರಾಜಸ್ಥಾನಕ್ಕೆ. ಜಡೇಜ ಬೆಲೆ 18ರಿಂದ 14 ಕೋಟಿಗೆ ಇಳಿಯಿತು. ಇಳಿಯದಿದ್ದರೆ ರಾಜಸ್ಥಾನಕ್ಕೆ ಬರುವ ಸಂಬಳ 20.4 ಕೋಟಿಯಾಗುತ್ತಿತ್ತು; ಇಳಿದದ್ದರಿಂದ 16.4ಕ್ಕೆ ನಿಂತಿತು. ಹದಿನೈದು ವರ್ಷದ ಹಿಂದೆ ತಂಡ ಬದಲಿಸಲು ಹೋಗಿ ನಿಷೇಧ ಉಂಡವರು, ಈಗ ನಿಯಮದ ಬಾಗಿಲಿನಿಂದಲೇ ಹಳೆಯ ತಂಡಕ್ಕೆ ಮರಳಿದರು.

ಮರುತಿಂಗಳು ಅಬುಧಾಬಿಯ ಹರಾಜಿನಲ್ಲಿ ಕೋಲ್ಕತ್ತ ಗ್ರೀನ್ ಅವರನ್ನು 25.20 ಕೋಟಿಗೆ ಕೊಂಡಿತು. ವಿದೇಶಿ ಆಟಗಾರರಿಗೆ ಹೊಸ ಮಿತಿ ಬಂದಿದ್ದರಿಂದ ಗ್ರೀನ್ ಕೈಗೆ 18 ಕೋಟಿ, ಉಳಿದದ್ದು ಮಂಡಳಿಗೆ. ಪೊಲಾರ್ಡ್ ಕಾಲದ ಸೂತ್ರವೇ, ಒಂದು ತಿದ್ದುಪಡಿಯೊಂದಿಗೆ: ಈ ಬಾರಿ ಪೂರ್ತಿ ಮೊತ್ತ ತಂಡದ ಪರ್ಸ್‌ನಿಂದಲೇ ಕಳೆಯಿತು. ಹಳೆಯ ಕಿಂಡಿಯೊಂದು ಮುಚ್ಚಿತು.

ಮಿತಿಯಿಂದ ಆಟಕ್ಕೇನು ಲಾಭ? 2025ರ ಪಟ್ಟಿಯನ್ನೇ ನೋಡಿ. ಹರಾಜಿನಲ್ಲಿ ರಿಷಭ್ ಪಂತ್ ಒಬ್ಬರಿಗೇ 27 ಕೋಟಿ ಕೊಟ್ಟ ಲಖನೌ ಏಳನೆಯ ಸ್ಥಾನದಲ್ಲಿ ಉಳಿಯಿತು. ಹರಾಜಿನಲ್ಲಿ ಯಾರಿಗೂ 12.5 ಕೋಟಿ ಮೀರಿ ಕೂಗದೆ ಹಣ ಹರಡಿದ ಬೆಂಗಳೂರು ಜೂನ್ 3ರಂದು ಅಹಮದಾಬಾದಿನಲ್ಲಿ ಮೊದಲ ಬಾರಿ ಕಪ್ ಎತ್ತಿತು. ಮಿತಿ ಇದ್ದಲ್ಲಿ ಲೆಕ್ಕ ಬಲ್ಲವನಿಗೂ ಒಂದು ಅವಕಾಶ.

ಗುಂಪಿನ ಆಟ ನಡೆಸುವವರು ಇಷ್ಟನ್ನು ಹರಾಜಿಗೆ ಮೊದಲೇ ಬರೆದಿಟ್ಟರೆ ಸಾಕು: ಬೆಲೆ ಆಟಗಾರನ ಜೊತೆ ಹೋಗಬೇಕು, ಟ್ರೇಡ್ ಮುಗಿದಾಗ ಇಬ್ಬರೂ ಮಿತಿಯೊಳಗಿರಬೇಕು, ಪ್ಲೇಆಫ್‌ಗೆ ಮುಂಚೆ ಟ್ರೇಡ್ ಕಿಟಕಿ ಮುಚ್ಚಬೇಕು, ಒಳಒಪ್ಪಂದ ಏನಿದ್ದರೂ ಗುಂಪಿಗೆ ತಿಳಿಸಬೇಕು. ಕೊನೆಯದರಲ್ಲಿ ಗುಂಪು ಐಪಿಎಲ್‌ಗಿಂತ ಮುಂದೆ ಹೋಗಬಹುದು. ಪೊಲಾರ್ಡ್ ಕಾಲದ ಲಕೋಟೆಯಂಥ ಹಣ ಈಗ ಪರ್ಸ್ ಲೆಕ್ಕಕ್ಕೆ ಸಿಕ್ಕಿದೆ. ಹಾರ್ದಿಕ್ ಅವರ ವರ್ಗಾವಣೆ ಶುಲ್ಕ ಸಿಕ್ಕಿಲ್ಲ. ಆ ಮೊತ್ತ ಪರ್ಸ್‌ನಾಚೆ ಇರುವವರೆಗೆ ಸಮಾನ ಪರ್ಸ್ ಎಂಬ ಮಾತು ಅರ್ಧ ನಿಜ.