ರೇಷ್ಮೆಗೂಡಿನ ಬಣ್ಣವೂ ಅಡಗಿದ ವಂಶಗುಣವೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ವಕ್ಕಲೇರಿ ಮೊದಲಾದ ಕೋಲಾರ ಸೀಮೆಯ ಹಳ್ಳಿಗಳವರು. ಹಿಪ್ಪುನೇರಳೆ ಸೊಪ್ಪನ್ನು ಹುಳುವಿಗೆ ಹಾಕಿ, ಚಂದ್ರಂಕಿಯಲ್ಲಿ ಗೂಡು ಕಟ್ಟುವುದನ್ನು ಕಂಡವರು. ಆ ಗೂಡಿನ ಬಣ್ಣದಲ್ಲಿ ಪ್ರತಿ ಸಂಸಾರಕ್ಕೂ ಉಪಯುಕ್ತವಾದ ಒಂದು ಪಾಠವುಂಟು. ಅದನ್ನು ಇಲ್ಲಿ ವಿವರಿಸಲು ಯತ್ನಿಸುವೆವು.

ಶುದ್ಧ ಮೈಸೂರು ತಳಿಯ ಗೂಡು ಹಸುರು ಬೆರೆತ ಹಳದಿ, ಸಿ.ಎಸ್.ಆರ್. ೨ ಎಂಬ ದ್ವಿತಳಿಯ ಗೂಡು ಬಿಳುಪು. ಮೊದಲನೆಯದರ ಹೆಣ್ಣು ಚಿಟ್ಟೆಯನ್ನೂ ಎರಡನೆಯದರ ಗಂಡು ಚಿಟ್ಟೆಯನ್ನೂ ಕೂಡಿಸಿ ಪಡೆದ ಮಿಶ್ರತಳಿಯ ಹುಳುಗಳು ಹಳದಿ ಗೂಡನ್ನೇ ಕಟ್ಟುವುವು. ಹಾಗಾದರೆ ತಂದೆಯ ಬಿಳುಪು ಎಲ್ಲಿ ಹೋಯಿತು? ಅದು ನಾಶವಾಗಲಿಲ್ಲ, ಅಡಗಿಕೊಂಡಿತು.

ಇದರ ಮರ್ಮವನ್ನು ಬ್ರುನೋ ಪಟ್ಟಣದ ಮಠವಾಸಿ ಗ್ರೆಗೋರ್ ಮೆಂಡೆಲರು ಬಟಾಣಿ ಗಿಡಗಳಲ್ಲಿ ಕಂಡು ೧೮೬೬ರಲ್ಲಿ ಪ್ರಕಟಿಸಿದರು. ಪ್ರತಿಯೊಂದು ಗುಣಕ್ಕೂ ಜೀವಿಯಲ್ಲಿ ಜೀನು ಎಂಬ ವಂಶವಾಹಿಗಳು ಎರಡಿರುವುವು. ತಾಯಿಯಿಂದ ಒಂದು, ತಂದೆಯಿಂದ ಒಂದು. ಹಳದಿಗೆ ಒಂದೇ ಸಾಕು. ಬಿಳುಪು ತೋರಬೇಕಾದರೆ ಎರಡೂ ಬಿಳುಪಿನವೇ ಆಗಿರಬೇಕು. ಜಪಾನಿನ ತೊಯಾಮಾ ಕಮೆತಾರೋ ಎಂಬ ವಿದ್ವಾಂಸರು ೧೯೦೬ರಲ್ಲಿ ರೇಷ್ಮೆಹುಳುವಿನಲ್ಲಿಯೂ ಈ ನಿಯಮವನ್ನು ಸಿದ್ಧಪಡಿಸಿದರು. ಹಳದಿ ಗೂಡಿನ ಮಿಶ್ರತಳಿಗಳನ್ನು ತಮ್ಮೊಳಗೇ ಕೂಡಿಸಿದರೆ, ಸುಮಾರು ಮೂರು ಹಳದಿ ಗೂಡುಗಳಿಗೆ ಒಂದು ಬಿಳಿಯ ಗೂಡು ಮರಳಿ ಬರುವುದು. ನಮ್ಮ ರೈತರು ಮಿಶ್ರತಳಿಯ ಗೂಡನ್ನು ಬಿತ್ತನೆಗೆ ಇಟ್ಟುಕೊಳ್ಳದೆ ಪ್ರತಿ ಬೆಳೆಗೂ ಹೊಸ ಮೊಟ್ಟೆಯನ್ನು ಕೊಳ್ಳುವುದು ಇದಕ್ಕಾಗಿಯೇ. ಅಡಗಿದ ಗುಣಗಳು ಹೊರಬಿದ್ದರೆ ಗೂಡು ಏಕರೂಪವಾಗಿರದು.

ಮನುಷ್ಯರಲ್ಲಿ ಸಾಧಾರಣ ಮೈಬಣ್ಣವು ಅನೇಕ ವಂಶವಾಹಿಗಳ ಕೂಟದಿಂದ ಬರುವುದರಿಂದ ಅದರ ಲೆಕ್ಕ ಇಷ್ಟು ಸುಲಭವಲ್ಲ. ಆದರೆ ಒಮ್ಮೊಮ್ಮೆ ಕಪ್ಪು ಕೂದಲಿನ ತಂದೆತಾಯಿಗಳಿಗೆ ಮೈಯೂ ಕೂದಲೂ ರೆಪ್ಪೆಯೂ ಬೆಳ್ಳಗಿರುವ ಮಗುವು ಹುಟ್ಟುವುದುಂಟು. ಆಗ ನೆರೆಹೊರೆಯವರು ಗ್ರಹಣವನ್ನೋ ಶಾಪವನ್ನೋ ಹೇಳುವರು. ಬಹುಮಟ್ಟಿಗೆ ತಾಯಿಯನ್ನೇ ದೂರುವರು. ಇದು ಕೇವಲ ಅನ್ಯಾಯ. ಬಣ್ಣವನ್ನು ತಡೆಯುವ ವಂಶವಾಹಿಯು ತಂದೆಯಿಂದಲೂ ತಾಯಿಯಿಂದಲೂ ಒಂದೊಂದು ಬಂದಲ್ಲದೆ ಇಂತಹ ಮಗುವು ಹುಟ್ಟದು. ಇಬ್ಬರಲ್ಲಿಯೂ ಅದು ಅಡಗಿದ್ದರೆ, ಪ್ರತಿ ಹೆರಿಗೆಯಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಸಂಭವವಿರುವುದು.

ತಂದೆತಾಯಿಗಳು ಮತ್ತೊಂದನ್ನೂ ಯೋಚಿಸಬೇಕು. ನಮ್ಮ ಸೀಮೆಯಲ್ಲಿ ಹುಡುಗಿಯನ್ನು ಸೋದರಮಾವನಿಗೆ ಕೊಡುವ ವಾಡಿಕೆಯುಂಟು. ಮಾವನಿಗೆ ಅವನ ತಂದೆಯಿಂದಲೋ ತಾಯಿಯಿಂದಲೋ ಬಂದ ಇಂತಹ ಗುಣವು ಅವನ ಅಕ್ಕನಲ್ಲಿಯೂ ಇರುವ ಸಂಭವ ಅರ್ಧ, ಅಕ್ಕನ ಮಗಳಲ್ಲಿ ಕಾಲು. ಹೊರಗಿನ ಸಂಬಂಧದಲ್ಲಿ ಈ ಸಂಭವವು ಬಹಳ ಕಡಿಮೆ. ಬಣ್ಣವೊಂದೇ ಅಲ್ಲ, ಹುಟ್ಟುಕಿವುಡಿನಂತಹ ಕೆಲವು ದೋಷಗಳೂ ಹೀಗೆಯೇ ಅಡಗಿ ಬರುವುವು. ಆಸ್ತಿಯು ಹೊರಗೆ ಹೋಗದಿರಲೆಂದು ಸಂಬಂಧ ಬೆಳೆಸುವ ಮುನ್ನ ಇದನ್ನು ವೈದ್ಯರಲ್ಲಿ ವಿಚಾರಿಸುವುದು ಒಳ್ಳೆಯದು.

ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಮಾಡಿದವರಾರೆಂದು ಕೇಳಲು, ನಮ್ಮ ಕರ್ತನು ಅವನ ಮೇಲಾಗಲಿ ಅವನ ತಂದೆತಾಯಿಗಳ ಮೇಲಾಗಲಿ ದೋಷವನ್ನು ಹೊರಿಸಲಿಲ್ಲ. ಬೆಳ್ಳಗೆ ಹುಟ್ಟಿದ ಮಗುವಿಗೆ ಬಿಸಿಲು ತಾಕದಂತೆ ತುಂಬುತೋಳಿನ ಅಂಗಿಯನ್ನೂ ಕೊಡೆಯನ್ನೂ ಕೊಡಿರಿ. ದೃಷ್ಟಿಯು ಮಂದವಾಗಿರುವುದರಿಂದ ಕಣ್ಣಿನ ವೈದ್ಯರಿಗೆ ತೋರಿಸಿರಿ. ಬುದ್ಧಿಗೆ ಇದರಿಂದ ಯಾವ ಕೊರತೆಯೂ ಇಲ್ಲವೆಂದು ತಿಳಿದು ತಪ್ಪದೆ ಶಾಲೆಗೆ ಕಳುಹಿಸಿರಿ. ಹಲಗೆಯ ಸಮೀಪದಲ್ಲಿ ಮೊದಲ ಸಾಲಿನ ಸ್ಥಳವನ್ನು ನಾವು ಕೊಡುವೆವು.