ಸಾಲುಗೆರೆಗಳ ಏರ್ಪಾಡೂ ಸಂಬಂಧಪಟ್ಟವರ ಸಭೆಯೂ

ಬೆಂಗಳೂರಿನ ಉತ್ತರಭಾಗದಲ್ಲಿರುವ ಯಲಹಂಕ, ಜಕ್ಕೂರು, ಹೆಬ್ಬಾಳ, ನಾಗವಾರ ಮೊದಲಾದ ಊರುಗಳ ಕೆರೆಗಳನ್ನು ಒಂದೊಂದಾಗಿ ನೋಡುವವರಿಗೆ ಅವು ಒಂದಕ್ಕೊಂದು ಸಂಬಂಧವಿಲ್ಲದ ಕೆರೆಗಳಂತೆ ತೋರುವುವು. ಮಳೆಗಾಲದಲ್ಲಿ ನೀರಿನ ಜಾಡನ್ನು ಹಿಡಿದು ನಡೆದವರಿಗಾದರೋ ಅವೆಲ್ಲವೂ ಒಂದೇ ಸರಪಣಿಯ ಕೊಂಡಿಗಳೆಂಬುದು ಗೊತ್ತಾಗುವುದು. ಯಲಹಂಕದ ಕೆರೆ ತುಂಬಿ ಕೋಡಿ ಬಿದ್ದ ನೀರು ಜಕ್ಕೂರಿನ ಕೆರೆಗೂ, ಅಲ್ಲಿಂದ ರಾಚೇನಹಳ್ಳಿಯ ಕೆರೆಗೂ ಇಳಿಯುವುದು. ಹೆಬ್ಬಾಳದ ಕೆರೆಯಲ್ಲಿ ಮಿಕ್ಕ ನೀರು ನಾಗವಾರದ ಕಡೆಗೆ ಹರಿಯುವುದು. ಈ ಕಣಿವೆಯ ನೀರು ಕಟ್ಟಕಡೆಗೆ ಕಲ್ಕೆರೆ, ಎಲೆಮಲ್ಲಪ್ಪಶೆಟ್ಟಿ ಕೆರೆಗಳ ದಾರಿಯಾಗಿ ದಕ್ಷಿಣ ಪಿನಾಕಿನಿಯನ್ನು ಸೇರುವುದು. ವರ್ಷವೆಲ್ಲಾ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ಹಿಂದಿನವರು ಬಿದ್ದ ಮಳೆಯನ್ನು ಒಂದು ಕೆರೆಯಲ್ಲಿ ತಡೆದು, ಮಿಕ್ಕುದನ್ನು ಅದರ ಕೆಳಗಿನ ಕೆರೆಗೆ ಒಪ್ಪಿಸುವ ಏರ್ಪಾಡನ್ನು ಮಾಡಿದ್ದರು. ಕರ್ಣಾಟಕದಲ್ಲಿ ಸುಮಾರು ೩೬ ಸಾವಿರ ಕೆರೆಗಳಿರುವುವೆಂದು ಲೆಕ್ಕ. ಅವುಗಳಲ್ಲಿ ಎಷ್ಟೋ ಕೆರೆಗಳು ಇಂತಹ ಸಾಲುಗಳಿಗೆ ಸೇರಿದವುಗಳೇ.

ಈ ಸಾಲುಗಳನ್ನು ದುರಸ್ತು ಮಾಡುವ ಉದ್ದೇಶದಿಂದ ಈಗ ಅನೇಕ ಕಡೆಗಳಲ್ಲಿ ನಕ್ಷೆಗಳೂ ಅಂದಾಜು ಪಟ್ಟಿಗಳೂ ತಯಾರಾಗುತ್ತಿವೆ. ನಕ್ಷೆಯನ್ನು ಬರೆಯುವುದಕ್ಕೆ ಮುಂಚೆ ಸಂಬಂಧಪಟ್ಟವರೆಲ್ಲರನ್ನೂ ಕ್ರಮವಾಗಿ ಕೂಡಿಸಿ ವಿಚಾರಿಸುವುದು ಏತಕ್ಕೆ ಅವಶ್ಯಕ, ಆ ಸಭೆಯನ್ನು ಯಾವ ರೀತಿಯಲ್ಲಿ ನಡೆಸಬೇಕು ಎಂಬುದು ಗ್ರಾಮದ ಮುಖಂಡರೂ ಭೂಮಾಲೀಕರೂ ತಿಳಿದಿರಬೇಕಾದ ವಿಷಯವಾಗಿದೆ.

ವ್ಯವಸ್ಥೆಗಳು ಕೂಡಿದ ವ್ಯವಸ್ಥೆ

ಒಂದು ಪಂಪಿನಲ್ಲಿ ಹಲವು ಭಾಗಗಳಿದ್ದರೂ ಅದನ್ನು ಮಾಡಿದವನು ಒಬ್ಬನೇ. ಭಾಗಗಳಿಗೆ ಸ್ವಂತ ಇಚ್ಛೆಯೆಂಬುದಿಲ್ಲ. ವಾರದ ಸಂತೆಯ ರೀತಿ ಬೇರೆ. ಅಲ್ಲಿ ರಾಗಿ ಮಾರುವವನೂ, ಕುರಿ ಮಾರುವವನೂ, ಗಾಡಿ ಹೂಡುವವನೂ ತಮತಮಗೆ ತಾವೇ ಒಡೆಯರು. ಸಂತೆಗೆ ಬಾರದಿದ್ದರೂ ಅವರ ಕಸುಬು ನಡೆಯುವುದು. ಆದರೂ ಸಂತೆಯು ಸಾಗುವುದಕ್ಕೆ ಕಾರಣವೇನೆಂದರೆ ಸೇರುವ ದಿನ, ಸ್ಥಳ, ಅಳತೆ, ದಾರಿ ಇಷ್ಟನ್ನು ಎಲ್ಲರೂ ಒಪ್ಪಿರುವುದು. ಇಂತಹುದನ್ನೇ ಯಂತ್ರಶಾಸ್ತ್ರಜ್ಞರು ವ್ಯವಸ್ಥೆಗಳ ವ್ಯವಸ್ಥೆಯೆಂದು ಕರೆಯುವರು. ಅಮೆರಿಕದ ಮಾರ್ಕ್ ಮೇಯರ್ ಎಂಬುವರು ೧೯೯೮ರಲ್ಲಿ ಇದರ ಲಕ್ಷಣಗಳನ್ನು ವಿವರಿಸುತ್ತಾ, ಅಂಗವಾದ ಒಂದೊಂದು ವ್ಯವಸ್ಥೆಯೂ ತಾನೇ ನಡೆಯಬಲ್ಲುದಾಗಿಯೂ ಬೇರೆ ಬೇರೆ ಆಡಳಿತಕ್ಕೆ ಒಳಪಟ್ಟುದಾಗಿಯೂ ಇರುವುದೇ ಮುಖ್ಯವೆಂದೂ, ಇಂತಹ ರಚನೆಯಲ್ಲಿ ವಿನ್ಯಾಸಗಾರನು ಲಕ್ಷ್ಯವಿಡಬೇಕಾದುದು ಅಂಗಗಳ ಒಳಭಾಗಕ್ಕಿಂತ ಅವು ಒಂದನ್ನೊಂದು ಕೂಡುವ ಸಂಧಿಗಳಲ್ಲೆಂದೂ ತೋರಿಸಿದರು.

ಸಾಲುಗೆರೆಗಳು ಈ ಲಕ್ಷಣಕ್ಕೆ ಸರಿಯಾಗಿ ಹೊಂದುವುವು. ಪ್ರತಿಯೊಂದು ಕೆರೆಗೂ ತನ್ನದೇ ಆದ ಏರಿ, ತೂಬು, ಕೋಡಿ, ಅಚ್ಚುಕಟ್ಟುಗಳುಂಟು. ೪೦ ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟುಳ್ಳ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೂ, ಅದಕ್ಕಿಂತ ಚಿಕ್ಕವು ಪಂಚಾಯತಿಗಳಿಗೂ, ಪಟ್ಟಣದೊಳಗಿನವು ನಗರದ ಆಡಳಿತಕ್ಕೂ ಸೇರಿರುವುವು. ಒಳಚರಂಡಿಯು ಜಲಮಂಡಳಿಗೂ, ಕಾಲುವೆಯ ಮೇಲಣ ಸೇತುವೆಯು ರಸ್ತೆ ಇಲಾಖೆಗೂ, ದಡದ ಹೊಲವು ರೈತನಿಗೂ ಸೇರಿದುದು. ಇವರೆಲ್ಲರಿಗೂ ಆಜ್ಞೆ ಮಾಡತಕ್ಕ ಒಬ್ಬ ಯಜಮಾನನು ಎಲ್ಲಿಯೂ ಇಲ್ಲ. ಆದಕಾರಣ ಒಪ್ಪಿಗೆಯಿಂದಲೇ ಕಾರ್ಯವು ಸಾಗಬೇಕು.

ಸಂಧಿಯಲ್ಲಿ ಒದಗುವ ಕೆಡಕು

೨೦೨೧ರ ನವೆಂಬರ್ ತಿಂಗಳಿನಲ್ಲಿ ಭಾರಿ ಮಳೆಯಾಗಿ ಯಲಹಂಕದ ಕೆರೆಯು ಕೋಡಿ ಹರಿಯಿತು. ಕೇಂದ್ರೀಯ ವಿಹಾರವೆಂಬ ವಸತಿಸಮುಚ್ಚಯಕ್ಕೆ ನೀರು ನುಗ್ಗಿ, ಅಲ್ಲಿಯ ನಿವಾಸಿಗಳನ್ನು ದೋಣಿಗಳಲ್ಲಿ ಹೊರಕ್ಕೆ ಕರೆತರಬೇಕಾಯಿತು. ಅದೇ ಮಳೆಯಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಆವರಣವೂ ಜಲಮಯವಾಯಿತು. ಮೂರು ವರ್ಷಗಳು ಕಳೆದ ಮೇಲೆ, ೨೦೨೪ರ ಅಕ್ಟೋಬರ್ ತಿಂಗಳಿನಲ್ಲಿ, ಕೇಂದ್ರೀಯ ವಿಹಾರವು ಪುನಃ ಮುಳುಗಿತು. ಎರಡು ಸಲವೂ ಕೆರೆಯ ಏರಿಯು ಒಡೆದುದಲ್ಲ. ಕೆರೆಯು ತನ್ನ ಕೆಲಸವನ್ನು ಮಾಡಿ ಮಿಕ್ಕ ನೀರನ್ನು ಬಿಟ್ಟುಕೊಟ್ಟಿತು. ಆ ನೀರು ಕೆಳಗಿನ ಕೆರೆಯನ್ನು ಸೇರುವ ಹಾದಿಯು ಸಾಲದಾಯಿತು. ಮೇಲಿನ ಕೆರೆಯೊಂದನ್ನೇ ಎಷ್ಟು ಚೆನ್ನಾಗಿ ಹೂಳೆತ್ತಿ ಕಲ್ಲು ಕಟ್ಟಿದರೂ ಈ ಕೆಡಕು ನೀಗುವಂತಹುದಲ್ಲ.

ಸಂಧಿಯ ದೋಷವು ನೀರಿನ ಪ್ರಮಾಣದಲ್ಲಿ ಮಾತ್ರವೇ ಅಲ್ಲ, ಗುಣದಲ್ಲಿಯೂ ತಲೆದೋರಬಹುದು. ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಎರಡನೆಯ ಹಂತದವರೆಗೆ ಶುದ್ಧಿ ಮಾಡಿದ ನೀರನ್ನು ಕೋಲಾರ ಸೀಮೆಯ ಕೆರೆಗಳಿಗೆ ತುಂಬುವ ಕೆಲಸವು ೨೦೧೮ರಲ್ಲಿ ಆರಂಭವಾಯಿತು. ಕೆಲವೇ ವಾರಗಳಲ್ಲಿ ನೊರೆ ತುಂಬಿದ ನೀರು ಕೋಲಾರದ ಕಡೆಯ ಕೆರೆಯಲ್ಲಿ ಕಾಣಿಸಿಕೊಂಡು, ವಿಷಯವು ಉಚ್ಚ ನ್ಯಾಯಾಲಯದ ವರೆಗೂ ಹೋಗಿ, ನೀರು ಬಿಡುವುದು ಕೆಲವು ಕಾಲ ನಿಂತಿತು. ನೀರನ್ನು ಎಲ್ಲಿ ಪರೀಕ್ಷಿಸಬೇಕು, ಕೆಟ್ಟುದು ಕಂಡರೆ ಯಾರು ಯಾರಿಗೆ ತಿಳಿಸಬೇಕು, ಯಾರು ನಿಲ್ಲಿಸಬೇಕು ಎಂಬ ಪ್ರಶ್ನೆಗಳಿಗೆ ನೀರನ್ನು ಪಡೆಯುವ ರೈತರ ಎದುರಿನಲ್ಲಿ ಮೊದಲೇ ಉತ್ತರವಾಗಿರಬೇಕೆಂಬುದು ಈ ಪ್ರಸಂಗದಿಂದ ತಿಳಿದುಬರುವ ಪಾಠ. ಹೆಬ್ಬಾಳ-ನಾಗವಾರ ಕಣಿವೆಯ ನೀರನ್ನೂ ಇದೇ ರೀತಿಯಲ್ಲಿ ಚಿಕ್ಕಬಳ್ಳಾಪುರದ ಕಡೆಯವೂ ಬೆಂಗಳೂರಿನ ಸುತ್ತಣವೂ ಸೇರಿ ೬೫ ಕೆರೆಗಳಿಗೆ ಕಳುಹಿಸುವ ಯೋಜನೆಯಾಗಿರುವುದರಿಂದ ಈ ಭಾಗದ ಮುಖಂಡರಿಗೆ ಇದು ದೂರದ ಮಾತಲ್ಲ.

ಸಂಧಿಯು ಸರಿಯಾಗಿ ಕೂಡಿದರೆ ಆಗುವ ಪ್ರಯೋಜನಕ್ಕೆ ಜಕ್ಕೂರಿನ ಕೆರೆಯೇ ನಿದರ್ಶನ. ಸುಮಾರು ೧೬೦ ಎಕರೆ ವಿಸ್ತಾರವುಳ್ಳ ಈ ಕೆರೆಯ ಮೇಲ್ಭಾಗದಲ್ಲಿ ದಿನಕ್ಕೆ ೧ ಕೋಟಿ ಲೀಟರು ಕೊಳಚೆನೀರನ್ನು ಶುದ್ಧಿ ಮಾಡುವ ಸ್ಥಾವರವನ್ನು ಕಟ್ಟಲಾಯಿತು. ಶುದ್ಧಿಯಾದ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಬೆಳೆದ ಜೌಗು ನೆಲದ ಮೂಲಕ ಮೆಲ್ಲನೆ ಹಾದು ಕೆರೆಗೆ ಸೇರುವುದು. ಇದರಿಂದ ಬೇಸಗೆಯಲ್ಲಿಯೂ ಕೆರೆಯಲ್ಲಿ ನೀರು ನಿಂತು, ಸುತ್ತಣ ಬಾವಿಗಳಿಗೂ ಊಟೆಯಾಯಿತು. ಮೀನು ಹಿಡಿಯುವವರಿಗೂ ಹುಲ್ಲು ಕೊಯ್ಯುವವರಿಗೂ ಜೀವನವು ದೊರೆಯಿತು. ಜಲಪೋಷಣವೆಂಬ ನಿವಾಸಿಗಳ ಸಂಸ್ಥೆಯು ಕೆರೆಯ ಮೇಲೆ ಕಣ್ಣಿಟ್ಟಿರುವುದರಿಂದ, ಕೆರೆಯ ಬಳಿಯಲ್ಲಿ ನಡೆಯುವ ಹೆಚ್ಚುಕಡಮೆಗಳು ಅಧಿಕಾರಿಗಳ ಕಿವಿಗೆ ಬೀಳುವುದಕ್ಕೆ ದಾರಿಯಾಗಿದೆ.

ಸಭೆಯು ಹೊಸ ಪದ್ಧತಿಯಲ್ಲ

ಜನರನ್ನು ಕೇಳಿ ಕಾರ್ಯವನ್ನು ಗೊತ್ತುಮಾಡುವುದು ಈ ನಾಡಿಗೆ ಹೊಸದಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ೧೮೮೧ರ ದಸರೆಯಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆಯು ೧೪೪ ಮಂದಿ ಸದಸ್ಯರೊಡನೆ ಮೊದಲು ಕೂಡಿತು. ಅವರಲ್ಲಿ ಭೂಮಾಲೀಕರೂ ವರ್ತಕರೂ ಇದ್ದರು. ೧೯೧೧ರಲ್ಲಿ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ನೆರೆದ ಮೈಸೂರು ಆರ್ಥಿಕ ಸಮ್ಮೇಳನದಲ್ಲಿ ಅಧಿಕಾರಿಗಳೂ ಅಧಿಕಾರಿಗಳಲ್ಲದವರೂ ಒಟ್ಟಿಗೆ ಕುಳಿತು ವ್ಯವಸಾಯ, ವಿದ್ಯೆ, ಕೈಗಾರಿಕೆಗಳನ್ನು ಕುರಿತು ಪರ್ಯಾಲೋಚಿಸಿದರು. ಕೆರೆಗಳ ಜೀರ್ಣೋದ್ಧಾರದಲ್ಲಿ ರೈತರ ಪಂಚಾಯಿತಿಗಳಿಗೆ ಸ್ಥಾನ ಕೊಡುವ ಕಾನೂನೂ ಅದೇ ವರ್ಷದ್ದು. ೨೦೦೨ರಿಂದೀಚೆಗೆ ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಅನೇಕ ಊರುಗಳಲ್ಲಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದುವು. ಒಂದೊಂದು ಕೆರೆಗೆ ಒಂದೊಂದು ಸಂಘವಿರುವುದು ಒಳ್ಳೆಯದೇ ಸರಿ. ಆದರೆ ಮೇಲಿನ ಕೆರೆಯ ಸಂಘವೂ ಕೆಳಗಿನ ಕೆರೆಯ ಸಂಘವೂ ಒಂದೇ ಚಾಪೆಯ ಮೇಲೆ ಕೂಡದಿದ್ದರೆ ನಡುವಣ ಕಾಲುವೆಯು ಅನಾಥವಾಗಿಯೇ ಉಳಿಯುವುದು.

ಸಭೆಯನ್ನು ನಡೆಸತಕ್ಕ ಕ್ರಮ

ಮೊದಲನೆಯದಾಗಿ, ಸಭೆಯ ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಬರೆದು ಮುಂಚಿತವಾಗಿ ಸಾರಿಸಬೇಕು. “ಮೇಲ್ಕೆರೆಯ ಕೋಡಿನೀರು ಕೆಳಕೆರೆಗೆ ಹೋಗುವ ದಾರಿಯನ್ನು ಗೊತ್ತುಮಾಡುವುದು” ಎಂಬಷ್ಟು ಸ್ಪಷ್ಟವಾಗಿರಬೇಕು. ಕೆರೆಗಳ ಅಭಿವೃದ್ಧಿಯೆಂಬ ವಿಶಾಲವಾದ ಹೆಸರಿನಿಂದ ಕರೆದರೆ ರಸ್ತೆ, ದೀಪ, ನಿವೇಶನಗಳ ಮಾತೇ ಹಗಲೆಲ್ಲಾ ನಡೆದು ಹೋಗುವುದು.

ಎರಡನೆಯದಾಗಿ, ಯಾರನ್ನು ಕರೆಯಬೇಕೆಂಬುದನ್ನು ಕಚೇರಿಯಲ್ಲಿ ಕುಳಿತು ಗೊತ್ತುಮಾಡಬಾರದು. ಹಳೆಯ ನೀರಗಂಟಿಯ ಮನೆತನದವರಾಗಲಿ ನೀರಿನ ಜಾಡನ್ನು ಬಲ್ಲ ಇಬ್ಬರು ಹಿರಿಯರಾಗಲಿ ಜೊತೆಗಿದ್ದು, ಮೇಲಿನ ಕೋಡಿಯಿಂದ ಕೆಳಗಿನ ಕೆರೆಯ ಅಂಗಳದ ವರೆಗೆ ಕಾಲುವೆಯನ್ನು ನಡೆದು ನೋಡಬೇಕು. ದಾರಿಯಲ್ಲಿ ಸಿಕ್ಕುವ ಪ್ರತಿಯೊಂದು ಮೋರಿ, ತಿರುವು, ಕಟ್ಟಡ, ಹೊಲ, ಬಾವಿಗಳನ್ನೂ ಅವುಗಳಿಗೆ ಸಂಬಂಧಪಟ್ಟವರನ್ನೂ ಗುರುತು ಹಾಕಿಕೊಳ್ಳಬೇಕು. ಅಚ್ಚುಕಟ್ಟಿನ ರೈತರು, ಕೆರೆಯಂಗಳದ ಪಕ್ಕದ ಹಿಡುವಳಿದಾರರು, ಮೀನಿನ ಗುತ್ತಿಗೆಯವರು, ಅಗಸರು, ದನಕುರಿ ಮೇಯಿಸುವವರು, ಹುಲ್ಲು ಕೊಯ್ಯುವ ಹೆಂಗಸರು, ಹೊಸ ಬಡಾವಣೆಯ ನಿವಾಸಿಗಳು, ಆಯಾ ಇಲಾಖೆಗಳ ಕೆಳದರ್ಜೆಯ ನೌಕರರು ಇವರೆಲ್ಲರೂ ಪಟ್ಟಿಯಲ್ಲಿ ಬರತಕ್ಕವರೇ. ರಾತ್ರಿಯಲ್ಲಿ ತೂಬನ್ನು ಎತ್ತುವವನಿಗೆ ತಿಳಿದಿರುವುದು ಅವನ ಮೇಲಧಿಕಾರಿಗೆ ತಿಳಿದಿರದೆ ಇರಬಹುದು.

ಮೂರನೆಯದಾಗಿ, ಮಹಾಸಭೆಗೆ ಮುಂಚೆ ಸಣ್ಣ ಗುಂಪುಗಳಲ್ಲಿ ವಿಚಾರಿಸಬೇಕು. ಇದು ಭೂಮಾಲೀಕರು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ. ಜಮೀನನ್ನು ವಾರಕ್ಕೆ ಮಾಡುವವನಾಗಲಿ ಕೂಲಿಯವನಾಗಲಿ ಒಡೆಯನ ಎದುರಿನಲ್ಲಿ ಅವನ ಒತ್ತುವರಿಯ ಮಾತೆತ್ತಲಾರನು. ಹೆಂಗಸರು ಗಂಡಸರ ಸಾಲಿನ ಹಿಂದೆ ನಿಂತು ಸುಮ್ಮನಾಗುವರು. ಅವರ ಮೌನವನ್ನು ಒಪ್ಪಿಗೆಯೆಂದು ಭಾವಿಸಿ ಬರೆದ ನಕ್ಷೆಯು ಮೊದಲನೆಯ ಮಳೆಯಲ್ಲಿಯೇ ಸುಳ್ಳಾಗುವುದು. ಕೂಲಿ ಬಿಟ್ಟು ಬರುವವರಿಗೆ ಆ ದಿನದ ನಷ್ಟವನ್ನು ಕಟ್ಟಿಕೊಡುವುದೂ ನ್ಯಾಯ.

ನಾಲ್ಕನೆಯದಾಗಿ, ಮಾತಿಗಿಂತ ಮುಂಚೆ ನಕ್ಷೆಯಿರಲಿ. ಕಾಗದವನ್ನು ಓದಲಾರದವರೂ ನೆಲದ ಮೇಲೆ ರಂಗೋಲಿ, ಇದ್ದಲು, ಕಲ್ಲುಗಳಿಂದ ತಮ್ಮ ಊರನ್ನು ಸರಿಯಾಗಿ ಬರೆಯಬಲ್ಲರು. ೧೯೯೦ರ ದಶಕದಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆಯವರು ಈ ಪದ್ಧತಿಯನ್ನು ಹಳ್ಳಿಗಳಲ್ಲಿ ಬಹಳವಾಗಿ ಬಳಸಿದರು. ನಕ್ಷೆಯ ಸುತ್ತಲೂ ನಿಂತವರನ್ನು ಅವರ ಅಭಿಪ್ರಾಯವೇನೆಂದು ಕೇಳುವುದಕ್ಕಿಂತ, ಯಾವ ವರ್ಷ, ಯಾವ ಕಲ್ಲಿನ ವರೆಗೆ, ಎಷ್ಟು ದಿನ ನೀರು ನಿಂತಿತ್ತೆಂದು ಕೇಳಬೇಕು. ಹೀಗೆ ತಿಳಿದುದನ್ನು ಇಂಜಿನಿಯರರು ಮಟ್ಟ ನೋಡುವ ಉಪಕರಣದಿಂದ ತಾಳೆನೋಡಬೇಕು. ನೆನಪೂ ತಪ್ಪಬಹುದು, ಅಳತೆಯೂ ತಪ್ಪಬಹುದು. ಎರಡೂ ಒಪ್ಪಿದ ಕಡೆ ನಂಬಿಕೆಯಿಂದ ಮುಂದುವರಿಯಬಹುದು.

ಐದನೆಯದಾಗಿ, ಪ್ರತಿಯೊಂದು ಸಂಧಿಗೂ ಒಂದು ಪಟ್ಟಿಯನ್ನು ಬರೆಯಬೇಕು. ಇಲ್ಲಿ ಎಷ್ಟು ನೀರು, ಯಾವ ತಿಂಗಳಿನಲ್ಲಿ, ಯಾವ ಗುಣದ್ದು ಬರುವುದು, ಇದನ್ನು ನೋಡಿಕೊಳ್ಳುವವರು ಯಾರು, ಅಪಾಯ ಬಂದರೆ ಯಾರಿಗೆ ಹೇಳಿಕಳುಹಿಸಬೇಕು, ಖರ್ಚು ಯಾರದು. ಯಾವ ಕಾಲಮಿನಲ್ಲಿ ಯಾರ ಹೆಸರೂ ಬೀಳುವುದಿಲ್ಲವೋ ಅಲ್ಲಿಯೇ ಮುಂದಿನ ಅನಾಹುತವು ಕಾದಿದೆಯೆಂದು ತಿಳಿದು, ಅದನ್ನು ಮೊದಲು ಇತ್ಯರ್ಥಪಡಿಸತಕ್ಕದ್ದು. ಬೆಳೆಯ ಆಯ್ಕೆ, ನೀರಿನ ಸರದಿ ಮುಂತಾದ ಒಂದೊಂದು ಕೆರೆಯ ಒಳಗಿನ ವಿಷಯಗಳನ್ನು ಆಯಾ ಕೆರೆಯವರಿಗೇ ಬಿಡಬೇಕು. ಎಲ್ಲವನ್ನೂ ಒಂದೇ ಸಭೆಯಲ್ಲಿ ಗೊತ್ತುಮಾಡಹೊರಟರೆ ಒಂದೂ ಗೊತ್ತಾಗದು.

ವಿವಾದಗಳ ವಿಚಾರ

ಕೋಡಿಯ ಎತ್ತರವೊಂದರಲ್ಲಿಯೇ ಎಷ್ಟೋ ಹಿತಗಳು ಘರ್ಷಿಸುವುವು. ಅಚ್ಚುಕಟ್ಟಿನವನು ಕೋಡಿ ಎತ್ತರವಾಗಲೆನ್ನುವನು. ಹಿನ್ನೀರಿನ ಹಿಡುವಳಿದಾರನು ತಗ್ಗಲಿ ಎನ್ನುವನು. ಮೀನಿನವನಿಗೆ ಬೇಸಗೆಯಲ್ಲಿ ನೀರು ಬೇಕು. ಗೋಡುಮಣ್ಣು ಹೊಡೆಯುವ ರೈತನಿಗೆ ಕೆರೆ ಒಣಗಬೇಕು. ಕೆಳಗಿನ ಬಡಾವಣೆಯವನಿಗೆ ಕಾರ್ತಿಕದ ಮಳೆಗೆ ಮುಂಚೆ ಕೆರೆಯಲ್ಲಿ ಸ್ವಲ್ಪ ಬರಿದಾದ ಜಾಗವಿರಬೇಕು. ಇಂತಹ ಕಡೆ ಕೈಯೆತ್ತಿಸಿ ತೀರ್ಮಾನಿಸುವುದು ಯುಕ್ತವಲ್ಲ. ಏಕೆಂದರೆ ಮೇಲಿನ ಊರಿನವರು ಹೆಚ್ಚು ಮಂದಿಯೆಂದ ಮಾತ್ರಕ್ಕೆ ಕೆಳಗಿನವರ ಪಾಲು ಇಲ್ಲವಾಗಬಾರದು. ಎರಡು ಪಕ್ಷಗಳನ್ನೂ ಅವರವರ ಮಾತಿನಲ್ಲಿಯೇ ಬರೆದಿಟ್ಟು, ಕನಿಷ್ಠ ಪಕ್ಷ ಎರಡು ಬಗೆಯ ಏರ್ಪಾಡುಗಳನ್ನು ತಯಾರಿಸಿ, ಎರಡನೆಯ ಸಭೆಯಲ್ಲಿ ಇವುಗಳನ್ನು ಪರೀಕ್ಷೆಗೆ ಒಡ್ಡಬೇಕು. ಒಂದೇ ರಾತ್ರಿ ಸಾಲಿನ ಕೆರೆಗಳೆಲ್ಲವೂ ತುಂಬಿದರೆ ಏನಾಗುವುದು? ಎರಡು ವರ್ಷ ಮಳೆ ಬಾರದಿದ್ದರೆ? ಶುದ್ಧಿ ಸ್ಥಾವರಕ್ಕೆ ವಿದ್ಯುತ್ತು ನಿಂತರೆ? ಈ ಪ್ರಶ್ನೆಗಳಿಗೆ ಯಾವ ಏರ್ಪಾಡು ಕಡಮೆ ಕೆಡಕಿನ ಉತ್ತರವನ್ನು ಕೊಡುವುದೋ ಅದನ್ನೇ ಆರಿಸಿಕೊಳ್ಳತಕ್ಕದ್ದು.

ಆರಿಸಿದ ಮೇಲೆ ನಕ್ಷೆಯನ್ನು ಪುನಃ ಊರ ಮುಂದೆ ತಂದು, ಕನ್ನಡದಲ್ಲಿ ಓದಿ, ಯಾರ ಯಾವ ಮಾತನ್ನು ಅಂಗೀಕರಿಸಲಾಯಿತು, ಯಾವುದನ್ನು ಏತಕ್ಕೆ ಬಿಡಲಾಯಿತು ಎಂಬುದನ್ನು ತಿಳಿಸಬೇಕು. ಈ ಕೆಲಸವನ್ನು ಮಾಡದಿರುವುದೇ ಸಭೆಗಳಲ್ಲಿ ಸಾಮಾನ್ಯವಾಗಿ ಕಾಣುವ ದೊಡ್ಡ ಲೋಪ. ಕೇಳಿಸಿಕೊಂಡು ಹೋದವರು ತಿರುಗಿ ಬಾರದಿದ್ದರೆ ಎರಡನೆಯ ಸಲ ಕರೆದಾಗ ಜನರೂ ಬರುವುದಿಲ್ಲ.

ಸಭೆಯಿಂದ ಎಲ್ಲವೂ ಸಾಧಿಸುವುದೆಂದು ತಿಳಿಯಬಾರದು. ಸಭೆಯು ಮಟ್ಟದ ಅಳತೆಗೂ, ನೀರಿನ ಪರೀಕ್ಷೆಗೂ, ಒತ್ತುವರಿಯನ್ನು ಬಿಡಿಸುವ ಕಾನೂನಿಗೂ ಬದಲಾಗಲಾರದು. ಆದರೆ ಇವುಗಳನ್ನು ಯಾವ ಸ್ಥಳದಲ್ಲಿ ಪ್ರಯೋಗಿಸಬೇಕೆಂಬುದು ಸಭೆಯಿಂದಲೇ ತಿಳಿಯುವುದು. ರಾಗಿಯ ಒಕ್ಕಣೆ ಮುಗಿದು ಕೆರೆಗಳ ನೀರು ಇಳಿಮೊಗವಾಗಿರುವ ಮಾಘ ಫಾಲ್ಗುಣ ಮಾಸಗಳು ಕಾಲುವೆಗಳನ್ನು ನಡೆದು ನೋಡುವುದಕ್ಕೂ ಸಭೆ ಕೂಡುವುದಕ್ಕೂ ಅನುಕೂಲವಾದ ಕಾಲ. ಮುಖಂಡರಾದವರು ಮೊದಲು ತಮ್ಮ ಕೆರೆಯ ಕೋಡಿಯಿಂದ ಹೊರಟು, ಕೆಳಗಿನ ಊರಿನ ಮುಖಂಡರನ್ನು ಅವರ ಏರಿಯ ಮೇಲೆಯೇ ಕಂಡು ಮಾತನಾಡಲಿ. ತಮ್ಮ ಹೊಲದ ಅಂಚು ಕಾಲುವೆಯೊಳಕ್ಕೆ ಸರಿದಿದ್ದರೆ ಸಭೆಗೆ ಮುಂಚೆಯೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಭೂಮಾಲೀಕರ ಮಾತಿಗೆ ಆ ಸಭೆಯಲ್ಲಿ ಬರುವ ತೂಕವು ಬೇರೆ ಯಾವುದರಿಂದಲೂ ಬಾರದು.