ಹಂಚಿಕೆಯ ಅರಿವು, ಸಂಗ್ರಹದ ಹೊಣೆ: ಚೀನೀ ಭಾಷಾ ಕಲಿಕೆಯ ಸಾಮುದಾಯಿಕ ಆಕರಗಳು

ಬಾಯಿಂದ ಬಾಯಿಗೆ ಹರಿಯುವುದನ್ನು ಒಂದೆಡೆ ಕೂಡಿಸಿಟ್ಟಾಗ ಉಳಿಯುವುದೇನು, ಅಳಿಯುವುದೇನು ಎಂಬುದು ಜಾನಪದ ಸಂಗ್ರಹಕಾರ್ಯದ ಮೂಲಭೂತ ಪ್ರಶ್ನೆಗಳಲ್ಲೊಂದು. ಅಂತರಜಾಲದ ನೆರವಿನಿಂದ ಚೀನೀ ಭಾಷೆ ಕಲಿಯುವವರ ಸಮುದಾಯಗಳ ಮುಂದೆ ಇಂದು ಇದೇ ಪ್ರಶ್ನೆಯಿದೆ. ಪದಪಟ್ಟಿಗಳು, ಉಚ್ಚಾರಣೆಯ ಧ್ವನಿಮುದ್ರಣಗಳು, ಲಿಪಿಚಿಹ್ನೆಗಳನ್ನು ನೆನಪಿಡಲು ಕಟ್ಟಿದ ಪುಟ್ಟ ಕತೆಗಳು ಇವರ ನಡುವೆ ಕೈಯಿಂದ ಕೈಗೆ ಸಾಗುತ್ತವೆ. ಇವುಗಳನ್ನು ಸಮುದಾಯವೇ ಸಂಗ್ರಹಿಸಿಡಬೇಕೆ, ಇಡುವುದಾದರೆ ಯಾವ ಕ್ರಮದಲ್ಲಿ ಎಂಬುದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಕಲಿಕೆಯ ಸಾಮಗ್ರಿ ಸಾಮುದಾಯಿಕ ಸ್ವತ್ತಾಗುವುದು ಚೀನೀ ಪರಂಪರೆಗೆ ಹೊಸದಲ್ಲ. ಆರನೆಯ ಶತಮಾನದಲ್ಲಿ ಚೌ ಶಿಂಗ್‌ಸಿ ರಚಿಸಿದ ‘ಸಾವಿರ ಅಕ್ಷರಗಳ ಪಠ್ಯ’ ನಾಲ್ಕು ನಾಲ್ಕು ಅಕ್ಷರಗಳ 250 ಸಾಲುಗಳಲ್ಲಿದೆ. ಮಕ್ಕಳು ಇದನ್ನು ಹಾಡಿಕೊಂಡೇ ಬಾಯಿಪಾಠ ಮಾಡುತ್ತಿದ್ದರು. ಮುಂದೆ ಕೊರಿಯಾ, ಜಪಾನುಗಳಲ್ಲೂ ಇದು ಕಲಿಕೆಯ ಪಠ್ಯವಾಯಿತು. ಕರ್ತೃವಿನ ಹೆಸರು ಉಳಿದಿದ್ದರೂ ಕೃತಿಯನ್ನು ಉಳಿಸಿದ್ದು ಬಳಸಿದವರ ನಾಲಗೆಯೇ.

ಆಧುನಿಕ ಕಾಲದ ಸ್ಪಷ್ಟ ನಿದರ್ಶನವೆಂದರೆ ‘ಸಿಇಡಿಕ್ಟ್’ ಎಂಬ ಚೀನೀ–ಇಂಗ್ಲಿಷ್ ನಿಘಂಟು. ಜಿಮ್ ಬ್ರೀನ್ ಅವರ ಜಪಾನೀ–ಇಂಗ್ಲಿಷ್ ನಿಘಂಟಿನ ಮಾದರಿಯಲ್ಲಿ ಪಾಲ್ ಡೆನಿಸೋವ್ಸ್ಕಿ ಇದನ್ನು 1997ರಲ್ಲಿ ಆರಂಭಿಸಿದರು. 2007ರಿಂದ ಅದು ‘ಸಿಸಿ–ಸಿಇಡಿಕ್ಟ್’ ಎಂಬ ಹೆಸರಿನಲ್ಲಿ, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಂದುವರಿದಿದೆ. ಬಳಕೆದಾರರು ಸೂಚಿಸಿದ ಪದಗಳನ್ನೂ ತಿದ್ದುಪಡಿಗಳನ್ನೂ ಸಂಪಾದಕರು ಪರಿಶೀಲಿಸಿ ಸೇರಿಸುತ್ತಾರೆ. ಹೀಗೆ ಬೆಳೆದ ನಮೂದುಗಳ ಸಂಖ್ಯೆ 1,20,000ವನ್ನು ಮೀರಿದೆ. ಚದುರಿದ ಟಿಪ್ಪಣಿಗಳು ಪರಾಮರ್ಶನ ಗ್ರಂಥವಾಗಬಲ್ಲವು ಎಂಬುದಕ್ಕೆ ಇದು ಸಾಕ್ಷಿ.

ಇದರ ಯಶಸ್ಸಿಗೆ ಕಾರಣ ಗಾತ್ರವಷ್ಟೇ ಅಲ್ಲ. ಪಾಠಾಂತರಗಳ ಬಗೆಗಿನ ಗೌರವವೂ ಹೌದು. ಚೀನಾ ಸರ್ಕಾರ 1956ರಲ್ಲಿ ಸರಳೀಕೃತ ಲಿಪಿಯ ಯೋಜನೆಯನ್ನು ಪ್ರಕಟಿಸಿತು. ತೈವಾನ್, ಹಾಂಗ್‌ಕಾಂಗ್‌ಗಳು ಸಾಂಪ್ರದಾಯಿಕ ಲಿಪಿಯನ್ನೇ ಉಳಿಸಿಕೊಂಡವು. ಈ ನಿಘಂಟಿನ ಪ್ರತಿ ನಮೂದಿನಲ್ಲೂ ಎರಡೂ ರೂಪಗಳಿವೆ. ‘ಕಸ’ ಎಂಬರ್ಥದ ಒಂದೇ ಬರಹರೂಪವನ್ನು ಚೀನಾದ ಮುಖ್ಯಭೂಮಿಯಲ್ಲಿ ‘ಲಾಜಿ’ ಎಂದೂ ತೈವಾನಿನಲ್ಲಿ ‘ಲಸ’ ಎಂದೂ ಓದುತ್ತಾರೆ. ಇವೆರಡರಲ್ಲಿ ಒಂದನ್ನು ತಪ್ಪೆಂದು ಅಳಿಸಿದರೆ ಸಂಗ್ರಹ ಶುದ್ಧವಾಗುವುದಿಲ್ಲ, ಬಡವಾಗುತ್ತದೆ. ಒಂದೇ ಕತೆಯ ಹಲವು ಪಾಠಗಳನ್ನು ಕಂಡ ಜಾನಪದ ವಿದ್ವಾಂಸರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಆದರೆ ಸಂಗ್ರಹಕ್ಕೆ ಅಪಾಯಗಳೂ ಉಂಟು. ಮೊದಲನೆಯದು ಕಾಲನಿರ್ದೇಶನದ ಅಭಾವ. ವಿದೇಶೀಯರಿಗಾಗಿ ಚೀನಾ ನಡೆಸುವ ಎಚ್‌ಎಸ್‌ಕೆ ಪರೀಕ್ಷೆಯ 2010ರ ಕ್ರಮದಲ್ಲಿ ಆರು ಹಂತಗಳಿದ್ದು, ಮೊದಲ ಹಂತಕ್ಕೆ 150 ಪದಗಳಿದ್ದವು. 2021ರಲ್ಲಿ ಜಾರಿಗೆ ಬಂದ ಮಾನದಂಡವು ಒಂಬತ್ತು ಹಂತಗಳನ್ನೂ ಒಟ್ಟು 11,092 ಪದಗಳನ್ನೂ ನಿಗದಿಪಡಿಸಿತು. ಅದರ ಮೊದಲ ಹಂತದಲ್ಲಿಯೇ 500 ಪದಗಳು. ಹೀಗಿರುವಾಗ ‘ಮೊದಲ ಹಂತದ ಪದಪಟ್ಟಿ’ ಎಂಬ ಶೀರ್ಷಿಕೆಯಷ್ಟೇ ಇದ್ದು ವರ್ಷ ನಮೂದಾಗಿಲ್ಲದ ಪಟ್ಟಿ ಕಲಿಯುವವನ ದಾರಿ ತಪ್ಪಿಸುತ್ತದೆ.

ಎರಡನೆಯದು ಜನಪದ ನಿರುಕ್ತಿಯ ಪ್ರಶ್ನೆ. ‘ವು’ ಎಂಬ, ಯುದ್ಧಶೌರ್ಯವನ್ನು ಸೂಚಿಸುವ ಚಿಹ್ನೆಯಲ್ಲಿ ಆಯುಧದ ರೂಪವೂ ‘ನಿಲ್ಲಿಸು’ ಎಂದು ಓದಬಹುದಾದ ರೂಪವೂ ಇವೆ. ಆಯುಧವನ್ನು ತಡೆಯುವುದೇ ನಿಜವಾದ ಶೌರ್ಯ ಎಂಬ ವಿವರಣೆ ‘ಜುವೊ ಜುವಾನ್’ ಎಂಬ ಪ್ರಾಚೀನ ಕೃತಿಯಲ್ಲಿಯೇ ಇದೆ. ಕ್ರಿ.ಶ. 100ರ ಸುಮಾರಿಗೆ 9,353 ಚಿಹ್ನೆಗಳನ್ನು 540 ವರ್ಗಗಳಲ್ಲಿ ವಿಂಗಡಿಸಿದ ನಿಘಂಟುಕಾರ ಷೂ ಷೆನ್ ಕೂಡ ಇದನ್ನೇ ಉಲ್ಲೇಖಿಸಿದ. 1899ರಲ್ಲಿ ಗುರುತಿಸಲ್ಪಟ್ಟ ಶಕುನದ ಮೂಳೆಬರಹಗಳ ಅಧ್ಯಯನದ ಬಳಿಕ ವಿದ್ವಾಂಸರು ಆ ಎರಡನೆಯ ರೂಪವನ್ನು ಪಾದವೆಂದು ಗ್ರಹಿಸಿ, ಆಯುಧ ಹಿಡಿದು ಮುನ್ನಡೆಯುವುದೆಂದು ಚಿಹ್ನೆಯನ್ನು ಅರ್ಥೈಸಿದರು. ಹಳೆಯ ವಿವರಣೆ ಚರಿತ್ರೆಯಾಗಿ ನಿಲ್ಲದಿದ್ದರೂ ನೆನಪಿನ ಸಾಧನವಾಗಿಯೂ ಒಂದು ಸಮಾಜದ ಮೌಲ್ಯಪ್ರಜ್ಞೆಯ ದಾಖಲೆಯಾಗಿಯೂ ಬೆಲೆಯುಳ್ಳದ್ದೇ. ಆದುದರಿಂದ ಇಂಥವನ್ನು ಬಿಸಾಡಬೇಕಿಲ್ಲ. ವ್ಯುತ್ಪತ್ತಿ ಯಾವುದು, ನೆನಪಿನ ಕತೆ ಯಾವುದು ಎಂದು ಬೇರ್ಪಡಿಸಿ ಗುರುತಿಸಿದರೆ ಸಾಕು.

ಮೂರನೆಯದು ಒಡೆತನದ ಸಮಸ್ಯೆ. ಹಲವರ ಕೈ ದಾಟಿ ಬಂದ ಸಾಮಗ್ರಿಗೆ ಕರ್ತೃವಿನ ಹೆಸರಿಲ್ಲ ಎಂದಮಾತ್ರಕ್ಕೆ ಅದು ಯಾರದೂ ಅಲ್ಲವೆಂದು ಭಾವಿಸುವಂತಿಲ್ಲ. ಶಿಕ್ಷಕರೊಬ್ಬರು ಶ್ರಮಪಟ್ಟು ಸಿದ್ಧಪಡಿಸಿದ ಪಾಠವಾಗಲಿ, ಮುದ್ರಿತ ಪಠ್ಯಪುಸ್ತಕದ ನಕಲಾಗಲಿ ಹೆಸರು ಕಳಚಿಕೊಂಡು ‘ಎಲ್ಲರದ್ದು’ ಆಗುವುದು ಹಂಚಿಕೆಯಲ್ಲ, ಅಪಹರಣ. ಹಾಡಿದವಳ ಹೆಸರನ್ನು ಬಿಟ್ಟು ಹಾಡನ್ನಷ್ಟೇ ಅಚ್ಚು ಹಾಕಿದ ಸಂಕಲನಗಳ ಕೊರತೆಯನ್ನು ಜಾನಪದ ಕ್ಷೇತ್ರ ಈಗಾಗಲೇ ಅನುಭವಿಸಿದೆ. ಅನುಮತಿಯಿದ್ದುದನ್ನು ಸಂಗ್ರಹಿಸುವುದು, ಇಲ್ಲದುದು ಎಲ್ಲಿ ದೊರೆಯುತ್ತದೆಂದು ಸೂಚಿಸುವುದಷ್ಟೇ ಇಲ್ಲಿ ಉಚಿತವಾದ ಮಾರ್ಗ.

ಈ ಚರ್ಚೆಗೆ ಕನ್ನಡದ ಸಂದರ್ಭದಲ್ಲಿಯೂ ಮಹತ್ವವಿದೆ. ಮೇಲಿನ ನಿಘಂಟನ್ನು ಬಳಸುವ ಕನ್ನಡಿಗನು ಇಂಗ್ಲಿಷಿನ ಮೂಲಕವೇ ಚೀನೀ ಪದವನ್ನು ತಲುಪುತ್ತಾನೆ. ಚೀನೀಯಲ್ಲಿ ಅಣ್ಣನಿಗೂ ತಮ್ಮನಿಗೂ ಬೇರೆ ಬೇರೆ ಪದಗಳಿವೆ, ಕನ್ನಡದಲ್ಲಿಯೂ ಇವೆ. ನಡುವಿನ ಇಂಗ್ಲಿಷಿನಲ್ಲಿ ಒಂದೇ ಸಾಮಾನ್ಯ ಪದವಿರುವುದರಿಂದ, ಎರಡು ದಡಗಳಲ್ಲೂ ಇರುವ ಭೇದ ಸೇತುವೆಯ ಮೇಲೆ ವಿಶೇಷಣದ ಆಸರೆ ಬೇಡುತ್ತದೆ. ಮೂಲವನ್ನು ಹೆಸರಿಸಿ, ಅದೇ ಷರತ್ತಿನಲ್ಲಿ ಹಂಚಿದರೆ ಹೊಸ ರೂಪಗಳನ್ನು ಸಿದ್ಧಪಡಿಸಲು ಈ ನಿಘಂಟಿನ ಪರವಾನಗಿ ಅವಕಾಶ ನೀಡುತ್ತದೆ. ಇದೇ ಮಾದರಿಯಲ್ಲಿ ಜರ್ಮನ್, ಫ್ರೆಂಚ್ ಭಾಷಿಕರು ತಮ್ಮ ನಿಘಂಟುಗಳನ್ನು ಕಟ್ಟಿಕೊಂಡಿದ್ದಾರೆ. ಕನ್ನಡಕ್ಕೂ ಆ ದಾರಿ ತೆರೆದಿದೆ.

ಒಟ್ಟಿನಲ್ಲಿ, ಕಲಿಕಾ ಸಮುದಾಯಗಳು ತಮ್ಮ ಆಕರಗಳನ್ನು ಸಂಗ್ರಹಿಸುವುದು ಅಪೇಕ್ಷಣೀಯ ಮಾತ್ರವಲ್ಲ, ಅಗತ್ಯ. ಸಂಗ್ರಹಿಸದಿದ್ದಲ್ಲಿ ಪ್ರತಿ ಹೊಸ ಕಲಿಕಾರ್ಥಿಯೂ ಮೊದಲಿನಿಂದಲೇ ತೊಡಗಬೇಕಾಗುತ್ತದೆ. ಆದರೆ ಯಾರು ಕೊಟ್ಟರು, ಯಾವಾಗ, ಯಾವ ಪ್ರದೇಶದ ಬಳಕೆ, ಯಾರು ಪರಿಶೀಲಿಸಿದರು ಎಂಬ ನಾಲ್ಕು ವಿವರಗಳು ಪ್ರತಿ ನಮೂದಿನ ಜೊತೆಗಿರಬೇಕು. ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕ ಬಹುಕಾಲದಿಂದ ಕೇಳುತ್ತ ಬಂದಿರುವುದೂ ಇಂಥ ವಿವರಗಳನ್ನೇ. ಇವಿಲ್ಲದ ಸಂಗ್ರಹ ರಾಶಿಯಾಗುತ್ತದೆ. ಇವಿದ್ದಾಗ ಮಾತ್ರ ಆಕರವಾಗುತ್ತದೆ.